ಎರಡು ಪೆಟ್ಟಿಗೆ, ಮೂರು ಸುತ್ತು

ಕನ್ನಡಕದಂಗಡಿಯ ಯಜಮಾನನಿಗೆ ಊರವರ ಕಣ್ಣೆಲ್ಲ ಅರ್ಥವಾಗುತ್ತದೆ, ಸ್ವಂತ ಹೆಂಡತಿಯ ಮುಖ ಮಾತ್ರ ಅರ್ಥವಾಗುವುದಿಲ್ಲ. ಇದು ಅವನ ಭಾವಮೈದನ ಮಾತು. ಮೋಟಾರ್ ಸೈಕಲ್ ರಿಪೇರಿ ಮಾಡುವ ಆ ಭಾವಮೈದನಿಗೆ ನಾಲಿಗೆ ಸ್ವಲ್ಪ ಉದ್ದ. ಆದರೂ ಈ ಸಲ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆದದ್ದಿಷ್ಟು. ದಿನಾ ಬೆಳಿಗ್ಗೆ ಯಜಮಾನ ತನ್ನ ಮೋಟಾರ್ ಸೈಕಲಿನ ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೊರಡುತ್ತಿದ್ದ. ಅವಳು ಕೆಲಸ ಮಾಡುವ ಪರದೆ ಹೊಲಿಯುವ ಅಂಗಡಿಯೆದುರು ಅವಳನ್ನು ಇಳಿಸಿ, ಮುಂದಿನ ಬೀದಿಯಲ್ಲಿ ತನ್ನ ಅಂಗಡಿಯ ಬಾಗಿಲು ತೆರೆಯುತ್ತಿದ್ದ. ಮನೆಯಲ್ಲಿ ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಜಗಳವೇನಲ್ಲ, ಒಲೆ, ನಲ್ಲಿ, ಒಣಹಾಕುವ ಬಟ್ಟೆಗಳ ನಡುವೆ ಪುರಸೊತ್ತಿರಲಿಲ್ಲ. ಆಡುವ ಮಾತನ್ನೆಲ್ಲ ಅವರು ಗಾಡಿಯ ಮೇಲೆ ಆಡಿ ಮುಗಿಸುತ್ತಿದ್ದರು. ಅವಳು ಅವನ ಕಿವಿಯ ಹತ್ತಿರ ಬಾಗಿ ಅಂಗಡಿಗೆ ಬಂದವರ ಕಥೆ ಹೇಳುವಳು, ಅವನು ಹೂಂಗುಟ್ಟುವನು. ಆ ಅರ್ಧ ಗಂಟೆಯ ದಾರಿ ಇಬ್ಬರಿಗೂ ಇಷ್ಟ.

ಹೀಗೆ ಸುಖವಾಗಿದ್ದವನು ಇರಲಾರದೆ ಇರುವೆ ಬಿಟ್ಟುಕೊಂಡ. ಕನ್ನಡಕ ಕೊಳ್ಳಲು ಬಂದವನೊಬ್ಬನ ಗಾಡಿ ಬಾಗಿಲಲ್ಲಿ ಗುಡುಗುಡು ಎನ್ನುತ್ತ ನಿಂತದ್ದನ್ನು ಕೇಳಿ ಮರುಳಾದ. ಮಾರನೆಯ ದಿನವೇ, ಭಾವಮೈದನ ಬಳಿಗೂ ಹೋಗದೆ, ಬೇರೆಲ್ಲೋ ಹೋಗಿ ಚೆನ್ನಾಗಿದ್ದ ಸೈಲೆನ್ಸರನ್ನು ಕೀಳಿಸಿ, ಹೊಗೆ ಸಲೀಸಾಗಿ ಹೊರಹೋಗುವ ಹೊಸದೊಂದನ್ನು ಹಾಕಿಸಿದ. ಅದೇ ಉತ್ಸಾಹದಲ್ಲಿ ಹಳೆಯದನ್ನು ಗುಜರಿಗೆ ಎಸೆದ. ತಲೆ ನರೆತ ಮೇಲೆ ಹತ್ತಿದ ಶೋಕಿಗೆ ಮದ್ದಿಲ್ಲ.

ಸದ್ದೇನೋ ಜೋರಾಗಿಯೇ ಬಂತು. ಆದರೆ ಇಂಜಿನ್ನಿಗೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದಲ್ಲೇ ಬೀಳತೊಡಗಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪಟಪಟನೆ ಸಿಡಿಯುವುದು, ನಿಧಾನಕ್ಕೆ ಹೋದರೆ ಗಾಡಿ ಮುಗ್ಗರಿಸುವುದು. ಒಂದೆರಡು ದಿನ ಕೂತು ನೋಡಿದ ಹೆಂಡತಿ, "ನನ್ನ ಕುತ್ತಿಗೆ ನಂಗೆ ಬೇಕು" ಎಂದಷ್ಟೇ ಹೇಳಿ ಬಸ್ ಹಿಡಿದಳು.

ಬಸ್ಸಿಗೆ ನಿಂತ ಅವಳ ಪಕ್ಕದಲ್ಲೇ ಒಬ್ಬನೇ ಗುಡುಗುತ್ತ ಹಾದುಹೋಗುವಾಗ ಯಜಮಾನನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಸೀಟು ಖಾಲಿ, ಕಿವಿಯೂ ಖಾಲಿ. ಹೇಗಾದರೂ ಅವಳು ಮತ್ತೆ ಗಾಡಿ ಹತ್ತಬೇಕು, ಅವನಿಗೆ ಬೇಕಾದದ್ದು ಅಷ್ಟೇ.

ಕೊನೆಗೆ ಮುಖ ಸಣ್ಣಗೆ ಮಾಡಿಕೊಂಡು ಭಾವಮೈದನ ಗ್ಯಾರೇಜಿಗೇ ಹೋದ.

"ಪೆಟ್ರೋಲ್ ಲೆಕ್ಕ ಸರಿಮಾಡೋ ಪೆಟ್ಟಿಗೆ ಬರುತ್ತೆ ಭಾವ, ಅದನ್ನ ಹಾಕಬೇಕು" ಎಂದ ಅವನು. "ಒಂದು ಸಾದಾ ಪೆಟ್ಟಿಗೆ, ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿದ್ರೆ ಮುಗೀತು. ಇನ್ನೊಂದು ಫೋನಿಗೆ ಸೇರಿಸೋದು, ಎಷ್ಟು ಸ್ಪೀಡಿಗೆ ಎಷ್ಟು ಪೆಟ್ರೋಲ್ ಅಂತ ನಾವೇ ಬರೆದು ಕೊಡಬೇಕು. ಮೂರನೇದು ತಾನೇ ಕಲಿಯುತ್ತೆ, ಆದ್ರೆ ಅದರ ಸೆನ್ಸರ್ ಕೂರಿಸೋಕೆ ನಿಮ್ಮ ಹೊಸ ಪೈಪಿಗೆ ತೂತು ಹೊಡೆದು ವೆಲ್ಡಿಂಗ್ ಮಾಡಬೇಕು."

ತೂತು ಎಂದದ್ದೇ ಯಜಮಾನ ಬೆಚ್ಚಿದ. ಮೂರನೆಯದು ಅಲ್ಲಿಗೆ ಬಿಟ್ಟುಹೋಯಿತು. ಉಳಿದೆರಡರ ನಡುವೆ ಅವನು ಮೀನಮೇಷ ಎಣಿಸುತ್ತ ಕೂತ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ" ಎಂದು ಕೇಳಿ ಚಿಟಿಕೆಯಲ್ಲಿ ಮುಗಿಸುವವನು, ಫೋನಿನಲ್ಲಿ ಕಂಡಕಂಡವರ ಅಭಿಪ್ರಾಯ ಓದಿ ದಿನಕ್ಕೊಂದು ತೀರ್ಮಾನಕ್ಕೆ ಬಂದ. ಹತ್ತು ಜನರನ್ನು ಕೇಳಿದ. ಆ ಹತ್ತರಲ್ಲಿ ಹೆಂಡತಿ ಇರಲಿಲ್ಲ.

ಭಾವಮೈದನಿಗೆ ತಲೆ ಕೆಟ್ಟುಹೋಯಿತು. ಪರಿಚಯದ ಅಂಗಡಿಯಿಂದ ಎರಡೂ ಪೆಟ್ಟಿಗೆ ತರಿಸಿಟ್ಟು, ರಜೆಯ ದಿನ ನೋಡಿ ಅಕ್ಕನನ್ನೂ ಭಾವನನ್ನೂ ಗ್ಯಾರೇಜಿಗೆ ಕರೆಸಿದ.

"ಯಾವ ಪೆಟ್ಟಿಗೆ ಹಾಕಿದ್ದೀನಿ ಅಂತ ಇಬ್ಬರಿಗೂ ಹೇಳಲ್ಲ. ನೀರಿನ ಟ್ಯಾಂಕ್ ತನಕ ಹೋಗಿ ಬನ್ನಿ. ಹೇಗಿತ್ತು ಅಂತ ಅಕ್ಕ ಹೇಳಲಿ. ಕೂರೋಳು ಅವಳು ತಾನೆ" ಎಂದ.

ಅಕ್ಕ ತುಟಿ ಬಿಗಿದುಕೊಂಡೇ ಗಾಡಿ ಹತ್ತಿದಳು. ಗಂಡನ ಭುಜ ಹಿಡಿಯದೆ ಹಿಂದಿನ ಕಂಬಿ ಹಿಡಿದಳು. ಮೊದಲ ಸುತ್ತಿನಲ್ಲಿ ಗಾಡಿ ಸಿಡಿಯಲಿಲ್ಲ, ಮುಗ್ಗರಿಸಲೂ ಇಲ್ಲ. ಯಜಮಾನನಿಗೆ ಒಳಗೊಳಗೇ ಖುಷಿ. ವಾಪಸು ಬಂದು ಇಳಿದವಳು ಮಾತ್ರ, "ಸುಮಾರು. ಎಲ್ಲೋ ಎಳೆದ ಹಾಗಾಗುತ್ತೆ" ಎಂದಳು.

ಭಾವಮೈದ ಸೀಟು ಬಿಚ್ಚಿ, ಬೆನ್ನು ಅಡ್ಡ ಕೊಟ್ಟು, ಏನೋ ಕಳಚಿ ಏನೋ ಜೋಡಿಸಿದ. ಎರಡನೆಯ ಸುತ್ತೂ ಆಯಿತು.

"ಇದೂ ಅಷ್ಟೇ" ಎಂದಳು.

ಮತ್ತೆ ಸೀಟು ಬಿಚ್ಚಲಾಯಿತು. ಯಜಮಾನ ಟಯರುಗಳ ರಾಶಿಯ ಮೇಲೆ ಕುಸಿದು ಕೂತ. ಅವಳು ಇನ್ನು ಜನ್ಮದಲ್ಲಿ ಈ ಗಾಡಿ ಹತ್ತುವುದಿಲ್ಲ ಎನ್ನಿಸಿತು. ಪೆಟ್ಟಿಗೆ, ಪೈಪು, ಫೋನಿನ ಅಭಿಪ್ರಾಯ ಯಾವುದೂ ತಲೆಯಲ್ಲಿ ಉಳಿಯಲಿಲ್ಲ.

"ಅಲ್ಲ ಕಣೇ, ಗಾಡಿ ಹೇಗಿರಬೇಕು ನಿಂಗೆ?" ಎಂದು ಕೇಳಿದ. ಉಪಾಯವೇನಲ್ಲ, ದಾರಿ ಕಾಣದೆ ಕೇಳಿದ್ದು.

ಅವಳು ಅವನನ್ನೇ ನೋಡಿದಳು. ಸೆರಗಿನ ತುದಿಗೆ ಮೆತ್ತಿದ್ದ ಗ್ರೀಸನ್ನು ಉಜ್ಜಿದಳು.

"ಮಾರ್ಕೆಟ್ ಬೀದೀಲಿ ನಿಧಾನ ಹೋಗುವಾಗ ಹಠ ಮಾಡಬಾರದು. ತಿರುವಿನಲ್ಲಿ ನಾನು ಬಂದು ನಿಮ್ಮ ಬೆನ್ನಿಗೆ ಗುದ್ದಬಾರದು. ಸದ್ದು ಇರಲಿ, ನಂಗೇನೂ ಬೇಜಾರಿಲ್ಲ. ನೀವು ಸ್ಟೈಲಾಗಿ ಕಾಣ್ತೀರಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಸೈಲೆನ್ಸರ್ ಬದಲಾಯಿಸೋ ಮೊದಲು ಇದನ್ನ ಕೇಳಬೇಕಿತ್ತು ರೀ. ಹಿಂದೆ ಕೂರೋಳಿಗೂ ಅದು ತನ್ನ ಗಾಡಿಯೇ ಅಲ್ವಾ" ಎಂದಳು.

ಯಜಮಾನ ಟಯರುಗಳ ಮೇಲಿಂದ ಎದ್ದ. "ಹೌದು, ಕೇಳಬೇಕಿತ್ತು" ಎಂದ.

ಮೂರನೆಯ ಸುತ್ತಿಗೆ ಹೊರಟರು. ಗ್ಯಾರೇಜಿನ ತಿರುವು ದಾಟುವಾಗ ಅವಳ ಕೈ ಅವನ ಭುಜಕ್ಕೆ ಬಂತು. ಮಾರ್ಕೆಟ್ ಬೀದಿಯಲ್ಲಿ ತಳ್ಳುಗಾಡಿಗಳ ನಡುವೆ ಅವನು ಅಂಗುಲ ಅಂಗುಲವಾಗಿ ಸಾಗುತ್ತಿದ್ದಾಗ ಅವಳು ಬಾಗಿ, "ಮೊನ್ನೆ ಒಬ್ಬಳು ಬಂದಿದ್ದಳು ರೀ" ಎಂದು ಶುರುಮಾಡಿದಳು. ಬಂದವಳು ಮನೆಯ ಕಿಟಕಿಯನ್ನು ಮೊಳದಲ್ಲಿ ಅಳೆದು ಬಂದಿದ್ದಳಂತೆ, ಅದೂ ಗಂಡನ ಮೊಳದಲ್ಲಿ. ಆ ಗಂಡನೋ ಆಜಾನುಬಾಹು. ಹೊಲಿದ ಪರದೆ ಕಿಟಕಿ ದಾಟಿ, ನೆಲಕ್ಕೆ ಹರಡಿ, ಅವರ ಬೆಕ್ಕು ಅದರೊಳಗೆ ಮರಿ ಹಾಕಿತಂತೆ. ಯಜಮಾನ ಹೂಂಗುಟ್ಟಿದ, ನಕ್ಕ, ಮತ್ತೆ ಹೂಂಗುಟ್ಟಿದ. ನೀರಿನ ಟ್ಯಾಂಕ್ ಬಂತು, ಹೋಯಿತು. ತಿರುಗಬೇಕೆಂಬುದು ಅವನಿಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ.

ಅವರು ಮರಳುವ ಹೊತ್ತಿಗೆ ಭಾವಮೈದ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಊರು ಬಿಟ್ಟು ಓಡಿಹೋದ್ರೇನೋ ಅಂದ್ಕೊಂಡೆ. ಹೇಗಿತ್ತಕ್ಕ?"

"ಯಾವುದು?" ಎಂದಳು ಅಕ್ಕ.

"ಪೆಟ್ಟಿಗೆ ಅಕ್ಕ, ಪೆಟ್ಟಿಗೆ. ಎಳೀತಾ ಇಲ್ವಾ?"

ಅವಳು ಗಂಡನ ಮುಖ ನೋಡಿದಳು. "ಇಲ್ಲ. ಗೊತ್ತೇ ಆಗಲಿಲ್ಲ ಕಣೋ. ಇದೇ ಒಳ್ಳೇದು."

ಭಾವಮೈದ ಬಿದ್ದುಬಿದ್ದು ನಕ್ಕ. "ಇದು ಮೊದಲನೇ ಸುತ್ತಿಗೆ ಹಾಕಿದ್ದ ಪೆಟ್ಟಿಗೆಯೇ ಅಕ್ಕ, ಆ ಸಾದಾದ್ದು. ಒಂದೇ ಗಾಜನ್ನ ಎರಡು ಸಲ ಹಾಕಿ ಗಿರಾಕಿಯನ್ನ ಪರೀಕ್ಷೆ ಮಾಡ್ತಾರೆ ನಿನ್ನ ಗಂಡ. ಅವರ ವಿದ್ಯೆ ಅವರಿಗೇ ತೋರಿಸಿದೆ."

ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಯಜಮಾನ ಮಾತ್ರ ನಗಲಿಲ್ಲ. ಮೊದಲ ಸುತ್ತಿಗೂ ಮೂರನೆಯ ಸುತ್ತಿಗೂ ನಡುವೆ ಬದಲಾದದ್ದು ಏನೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಎದೆ ಹಗುರವಾಯಿತು, ತನ್ನ ಬಗ್ಗೆ ಸ್ವಲ್ಪ ನಾಚಿಕೆಯೂ ಆಯಿತು.

"ಹಾಗಾದ್ರೆ ಇದನ್ನೇ ಗಟ್ಟಿ ಮಾಡಲಾ ಭಾವ?" ಎಂದು ಭಾವಮೈದ ಸ್ಕ್ರೂಡ್ರೈವರ್ ಎತ್ತಿಕೊಂಡ.

"ನನ್ನನ್ನೇನು ಕೇಳ್ತೀಯ" ಎಂದ ಯಜಮಾನ. "ಅವಳನ್ನ ಕೇಳು."

ಅವಳು ಆಗಲೇ ಸೀಟಿನ ಮೇಲೆ ಕೂತಾಗಿತ್ತು. "ಮಾಡೋ, ಬೇಗ ಮಾಡು. ಆ ಬೆಕ್ಕಿನ ಕಥೆ ಇನ್ನೂ ಅರ್ಧ ಇದೆ" ಎಂದಳು.