ಒಂದನೇ ಕ್ಲಾಸಿನ ಹಾಜರಿ

"ನಿನ್ನ ಪುಳ್ಳಿ ಎಲ್ಲಿಗೆ ಹೋಗುವುದು ವಾರಿಜಾ?" ವಿಠಲ ಶೆಟ್ಟರು ಮೊಮ್ಮಗಳ ಸುದ್ದಿ ಎತ್ತಿದ್ದೇ ವಾರಿಜಾ ಸೆರಗಿನ ತುದಿ ತಿರುವತೊಡಗಿದಳು.

ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಈ ಸಲ ಒಂದೂ ಮಗು ಸೇರಿಲ್ಲವೆಂದು ಝೀಟಾ ಟೀಚರ್ ಮನೆಮನೆ ಅಲೆಯುತ್ತಿದ್ದರು. ಅಲ್ಲೇ ಬಿಸಿಯೂಟ ಬೇಯಿಸುವ ವಾರಿಜಾ ಜೊತೆಗೆ ಬಂದದ್ದು ದಾರಿ ತೋರಿಸಲಿಕ್ಕೆ. ಹಿಂದೆ ಮೀನು ಹೊತ್ತು ಮಾರಿದವಳು. ಮಟ್ಟು ಊರಿನ ಯಾವ ಮನೆಯ ನಾಯಿ ಕಚ್ಚುತ್ತದೆಂಬುದೂ ಅವಳಿಗೆ ಗೊತ್ತು. ಶೆಟ್ಟರ ಮೊಮ್ಮಗ ಪ್ರತೀಕನನ್ನು ಕೇಳಲು ಬಂದು ಈಗ ಅವಳೇ ಸಿಕ್ಕಿಬಿದ್ದಿದ್ದಳು.

"ಇಂಗ್ಲಿಷ್ ಮೀಡಿಯಮ್ಮಿಗೆ. ಸೊಸೆ ಸೇರಿಸಿದ್ದಾಳೆ."

"ಮತ್ತೆ ನನ್ನನ್ನು ಕೇಳುವುದು ಎಂತ ಮಾರಾಯ್ತಿ?"

ಟೀಚರ್ ತಲೆ ತಗ್ಗಿಸಿದರು. ವಾರಿಜಾಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಸಂಕಟ. "ಇದೇ ಅಂಗಳದಲ್ಲಿ ಬುಟ್ಟಿ ಇಳಿಸಿ ನಾನು ಹೊರಗೇ ನಿಲ್ಲುತ್ತಿದ್ದೆ. ಶಾಲೆಯಲ್ಲಿ ಮಾತ್ರ ನೀವು, ನಾನು ಒಂದೇ ಬೆಂಚು. ನನ್ನ ಸ್ಲೇಟು ನೋಡಿ ನೀವು ಲೆಕ್ಕ ಬರೆದದ್ದು ನೆನಪುಂಟಾ? ಅಂಥ ಜಾಗ ನನಗೆ ಮತ್ತೆಲ್ಲೂ ಸಿಗಲಿಲ್ಲ ವಿಠಲಣ್ಣ."

ಶೆಟ್ಟರು ನಕ್ಕರು. ನಗು ಬೇಗ ನಿಂತಿತು. "ನಿನ್ನ ಪುಳ್ಳಿ ಬರಲಿ, ನನ್ನವನೂ ಬರುತ್ತಾನೆ. ಮಾತು ಕೊಟ್ಟೆ. ಹೆಸರು ಬರೆದುಕೊಳ್ಳಿ ಟೀಚರ್."

ಆ ಮಾತು ಹಿಡಿದುಕೊಂಡು ವಾರಿಜಾ ಮನೆಯಲ್ಲಿ ಮಾಡಿದ ರಂಪ ಅಷ್ಟಿಷ್ಟಲ್ಲ. ಸೊಸೆ ವಿಜೇತಾ ಇಸ್ತ್ರಿ ಹಾಕಿಟ್ಟ ಹೊಸ ಯೂನಿಫಾರ್ಮ್ ಮಡಿಲಲ್ಲಿಟ್ಟುಕೊಂಡು ಅತ್ತಳು. ಮಸ್ಕತ್ತಿನಿಂದ ಮಗ ತಿಲಕ್ ಫೋನಿನಲ್ಲಿ ಕೂಗಾಡಿದ. ವಾರಿಜಾ ಎರಡು ದಿನ ಊಟ ಬಿಟ್ಟಳು. ಕೊನೆಗೆ ವಿಜೇತಾಳೇ ಸೋತಳು.

"ಶೆಟ್ಟರ ಮನೆಯ ಮಗು ಬಂದರೆ ಒಂದು ವರ್ಷ ನೋಡುವ ಅತ್ತೆ. ನನ್ನ ಮಗಳು ಒಬ್ಬಳೇ ಕೂರುವುದಾದರೆ ಮಾತ್ರ ಆ ನಿಮಿಷವೇ ಕರ್ಕೊಂಡು ಹೋಗ್ತೇನೆ."

"ಬರ್ತಾನೆ. ವಿಠಲಣ್ಣ ಹೇಳಿದ್ದಾರಲ್ಲ."

ಶಾಲೆ ತೆರೆದ ದಿನ ಮೊಮ್ಮಗಳು ಶ್ರೇಯಾಳ ಕೈಗೊಂದು ಗುಲಾಬಿ ಕೊಟ್ಟು ಒಂದನೇ ಕ್ಲಾಸಿನಲ್ಲಿ ಕೂರಿಸಿದರು. ವಿಜೇತಾ ಬಾಗಿಲು ಬಿಟ್ಟು ಕದಲಲಿಲ್ಲ. ಒಲೆಯ ಮೇಲೆ ಪಾಯಸ ಕುದಿಯುತ್ತಿದ್ದರೂ ವಾರಿಜಾ ಸೌಟು ಹಿಡಿದೇ ಜಗಲಿಗೆ ಬಂದು ನಿಂತಳು. ಝೀಟಾ ಟೀಚರ್ ಹಾಜರಿ ಪುಸ್ತಕ ತೆರೆದರು.

"ಶ್ರೇಯಾ."

"ಬಂದಿದ್ದೇನೆ ಟೀಚರ್!"

"ಪ್ರತೀಕ್."

ಗೇಟು ತೆರೆದೇ ಇತ್ತು. ಆಚೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಪ್ರತೀಕ್," ಟೀಚರ್ ಮತ್ತೆ ಕರೆದರು, ಈ ಸಲ ಸ್ವಲ್ಪ ಮೆಲ್ಲಗೆ.

ವಿಜೇತಾ ಒಳಗೆ ಬಂದು ಮಗಳ ಚೀಲ ಎತ್ತಿಕೊಂಡಳು.

"ಇನ್ನೊಮ್ಮೆ ಕರೆಯಿರಿ ಟೀಚರೇ," ಎಂದಳು ವಾರಿಜಾ, ಗೇಟಿನಿಂದ ಕಣ್ಣು ತೆಗೆಯದೆ. "ಇನ್ನು ಒಂದೇ ಒಂದು ಸಲ."