ಗೌರಿಯ ತವರು

ತಡಸದ ಹತ್ತಿರದ ಹಾವು ಸಾಕಣೆ ಕೇಂದ್ರದ ಹೆಬ್ಬಾವು ಗೌರಿ ಯಾರ ಸ್ವತ್ತು ಎಂದು ಕೇಳಿದರೆ ಎಲ್ಲರೂ ಸರ್ಕಾರದ್ದು ಎನ್ನುತ್ತಾರೆ. ಅಲ್ಲಿ ಹಾವು ನೋಡಿಕೊಳ್ಳುವ ಕೆಲಸದ ರುದ್ರೇಶ ಮಾತ್ರ ಒಪ್ಪುವ ಆಸಾಮಿಯಲ್ಲ. ಮರಿಯಾಗಿದ್ದಾಗಿನಿಂದ ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು, ಇಲಿ ತಿನ್ನಿಸಿ ಬೆಳೆಸಿದ್ದು ಅವನೇ ತಾನೇ!

ಆ ಇಕ್ಕಟ್ಟಿನಲ್ಲಿ ಗೌರಿ ಹಾಕಿದ್ದನ್ನೆಲ್ಲ ನುಂಗಿ ದಪ್ಪಗಾದಳು. ಆದರೆ ಗಂಡು ಹಾವನ್ನು ಜೊತೆಗೆ ಬಿಟ್ಟರೂ ಮೊಟ್ಟೆಯ ಸುಳಿವಿಲ್ಲ. ಜಾಗ ದೊಡ್ಡದಾದರೆ ಏನಾಗುತ್ತದೋ ನೋಡೋಣವೆಂದು ಕೇಂದ್ರದ ಸಾಹೇಬರು ಅವಳನ್ನು ಶೈಲಶ್ರೀ ನೋಡಿಕೊಳ್ಳುವ ಹೊಸ ಕೋಣೆಗೆ ಕಳಿಸಿದರು. ಅಲ್ಲಿ ನೀರಿನ ಹೊಂಡ, ಮರದ ಕೊಂಬೆ, ಬಿಸಿಲು ಬೀಳುವ ಬಂಡೆ, ಸಾಲದ್ದಕ್ಕೆ ಆಡೂರಿನ ಹೊಲದಲ್ಲಿ ಸಿಕ್ಕ ಗಂಡೊಂದು. ರುದ್ರೇಶನ ಹೊಟ್ಟೆಗೆ ಅಂದೇ ಬೆಂಕಿ ಬಿತ್ತು.

ಅಷ್ಟು ದೊಡ್ಡ ಜಾಗ ಕಂಡು ಬೆದರಿದ ಗೌರಿ ಮೂಲೆ ಹಿಡಿದಳು, ಇಲಿಯನ್ನು ಮೂಸಿಯೂ ನೋಡಲಿಲ್ಲ. ರುದ್ರೇಶ ಒಳಗೊಳಗೇ ಹಿಗ್ಗಿದ. ಶೈಲಶ್ರೀ ಮೂಲೆಗೆ ಒಣಗಿದ ಎಲೆ ಸುರಿದು, ಅಡಗಲು ಮರೆ ಮಾಡಿಕೊಟ್ಟಳು. ಗೌರಿ ತಿನ್ನತೊಡಗಿದಳು. ಆ ದಿನ ರುದ್ರೇಶ ತನ್ನ ಬುತ್ತಿಯ ರೊಟ್ಟಿಯನ್ನು ಹಾಗೇ ಮನೆಗೆ ಒಯ್ದ.

ಬೇಸಿಗೆ ಹತ್ತಿರವಾದಾಗ ಗೌರಿ ಮತ್ತೆ ಊಟ ಬಿಟ್ಟಳು. ರುದ್ರೇಶ ಹಳೆಯ ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಹೊತ್ತು ತಂದ.

"ನನ್ನ ನೆನಪು ಕಾಡಾಕತ್ತೈತಿ ಆಕಿಗೆ. ವಾಪಸ್ ಕೊಡ್ರಿ ಅಕ್ಕಾರ."

"ನೆನಪೂ ಇಲ್ಲ ಗಿನಪೂ ಇಲ್ಲ, ರುದ್ರೇಶಣ್ಣ. ಬಸಿರಿ ಅದಾಳ. ಹೊಟ್ಟ್ಯಾಗ ಮೊಟ್ಟಿ ಇದ್ದಾಗ ಹೆಬ್ಬಾವು ಉಣ್ಣಂಗಿಲ್ಲ," ಎಂದಳು ಶೈಲಶ್ರೀ.

ರುದ್ರೇಶ ಪಟ್ಟು ಬಿಡಲಿಲ್ಲ. "ಹಂಗಾರ ಚೊಚ್ಚಲ ಬಾಣಂತನ ತವರಾಗ ಆಗಬೇಕಲ್ರಿ? ಆಕಿ ತವರು ಅಂದ್ರ ನನ್ನ ಪೆಟಗಿ."

"ಈ ಪೆಟಗ್ಯಾಗ ಮೊಟ್ಟಿ ಸುತ್ತಿ ಕುಂದ್ರಾಕ ಜಾಗ ಎಲ್ಲೈತ್ರಿ?"

ಅವಳು ಹೇಳಿದ್ದು ಖರೇ ಎಂದು ಅವನಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಮೊಟ್ಟೆ ಇಟ್ಟ ಸುದ್ದಿ ಬಂದಾಗ ಶೈಲಶ್ರೀ ಚಹಾ ಕುಡಿಯಲು ಹೋಗುವುದನ್ನೇ ಕಾದು ಕೋಣೆಗೆ ನುಗ್ಗಿದ. ಬೇರೆಯವರನ್ನು ಹೇಗಾದರೂ ನೋಡಲಿ, ತನ್ನ ಕೈಯ ಗುರುತು ಗೌರಿ ಮರೆತಾಳೇ? ಬಿಳಿಯ ಮೊಟ್ಟೆಗಳನ್ನು ಸುತ್ತಿ ಕೂತಿದ್ದವಳ ಕಡೆ, "ನಾನವ್ವಾ," ಎಂದು ಕೈ ಚಾಚಿದ.

ಗೌರಿ ಚಾಚಿದ ಕೈಗೇ ಬಾಯಿ ಹಾಕಿದಳು. ಹೆಬ್ಬಾವಿಗೆ ವಿಷವಿಲ್ಲ ನಿಜ, ಹಲ್ಲಿಗೇನೂ ಬರವಿಲ್ಲ.

ರಕ್ತ ಸೋರುವ ಕೈ ಹಿಡಿದು ಹೊರಬಂದವನಿಗೆ ನೋವಿಗಿಂತ ಅವಮಾನ ಹೆಚ್ಚಾಗಿತ್ತು. ಬಾಗಿಲಲ್ಲಿ ಎದುರಾದ ಶೈಲಶ್ರೀ ಬೈಯಲಿಲ್ಲ. ಗಾಯ ತೊಳೆದು, ತನ್ನ ತೋಳು ಮಡಚಿ ತೋರಿಸಿದಳು. "ನಿನ್ನೆ ನನಗೂ ಕಡದಾಳ. ಮೊಟ್ಟಿ ಮುಂದ ಆಕಿಗೆ ನೀವೂ ಇಲ್ಲ, ನಾನೂ ಇಲ್ಲ."

ಎಷ್ಟೋ ತಿಂಗಳ ಮೇಲೆ ರುದ್ರೇಶನ ಹೊಟ್ಟೆ ತಣ್ಣಗಾಯಿತು. ಬಗ್ಗಿ ಅವಳ ಗಾಯ ನೋಡಿದ, ತನ್ನದನ್ನೂ ನೋಡಿಕೊಂಡ.

"ನಂದ ಆಳ ಐತ್ರಿ ಅಕ್ಕಾರ," ಎಂದ, ಹೆಮ್ಮೆಯಿಂದ.