ಬಾಗಿಲು ಕಾಣುವ ಕುರ್ಚಿ

"ಲೋ ಅಣ್ಣ, ಚಿಕ್ಕಮ್ಮ ತನ್ನ ಹೊಸ ಕೋರ್ಟಲ್ಲಿ ಜಡ್ಜ್ ಕೂರೋ ಕಟ್ಟೆನೇ ಕಿತ್ತು ಬಿಸಾಕಿದ್ದಾಳೆ ಕಣೋ. ಜಡ್ಜೂ ಕೆಳಗೆ, ಕಟ್ಟೆಮುರುಕ ನೀನೂ ಕೆಳಗೆ. ಇಬ್ಬರಿಗೂ ಒಂದೇ ಮೇಜು."

"ಜಡ್ಜ್ ಮೇಡಂ ಒಪ್ಪಿದ್ರಾ?"

"ನಾಳೆ ನೋಡೋಕೆ ಬರ್ತಾರಂತೆ. ಅವರು ಬೇಡ ಅಂದ್ರೆ ಮತ್ತೆ ಹಳೇ ಥರದ್ದೇ ಗತಿ."

ಕುಡಿದು ಕಾರನ್ನು ಅರಳಿಕಟ್ಟೆಗೆ ಗುದ್ದಿದ ಕೇಸಿನಲ್ಲಿ ಅಣ್ಣನನ್ನು ಜೈಲಿಗೆ ಕಳಿಸುವುದೋ ಚಿಕಿತ್ಸೆಗೋ ಎಂದು ಅದೇ ಮೇಡಂ ಹೇಳುವ ಹೊತ್ತಿಗೆ ಅವನು ಕೋರ್ಟಿನಿಂದ ಓಡಿಹೋಗಿದ್ದ. ಹಿಡಿದು ತಂದ ಮೇಲೂ ಪುಣ್ಯಕ್ಕೆ ಚಿಕಿತ್ಸೆಗೇ ಕಳಿಸಿದರು. ಈಗ ಕುಡಿತದ ಸುದ್ದಿಗೇ ಹೋಗುವುದಿಲ್ಲ. ಆದರೂ ಕೋರ್ಟು ಎಂದರೆ ಮುಖ ಬಿಳಿಚಿಕೊಳ್ಳುತ್ತದೆ.

ಚಿಕ್ಕಮ್ಮ ಆರ್ಕಿಟೆಕ್ಟ್. ಇಂಥ ಕೇಸುಗಳಿಗೆಂದೇ ಹೊಸ ಕೋರ್ಟಿನ ನಕ್ಷೆ ಮಾಡುತ್ತಿದ್ದಾಳೆ. ಆದರೆ ಕಾಗದವನ್ನು ಅವಳು ನಂಬುವವಳಲ್ಲ. ಫ್ರಿಜ್ಜು, ಟಿವಿಗಳ ಖಾಲಿ ಡಬ್ಬ ಕತ್ತರಿಸಿ, ಗೋಡೌನಿನಲ್ಲಿ ಇಡೀ ಕೋಣೆಯನ್ನು ನಿಜವಾದ ಅಳತೆಯಲ್ಲೇ ರಟ್ಟಿನಿಂದ ನಿಲ್ಲಿಸಿದ್ದಾಳೆ. ಸಿಕ್ಕಿದವರನ್ನೆಲ್ಲ ಹಿಡಿದು ಕೂರಿಸುತ್ತಾಳೆ. ನಾನಂತೂ ಒಂದೇ ಮಧ್ಯಾಹ್ನ ಕಳ್ಳಿ, ವಕೀಲೆ, ಪೊಲೀಸು ಎಲ್ಲ ಆಗಿ ಮುಗಿಸಿದ್ದೆ.

ಸಂಜೆ ಅಣ್ಣನನ್ನೂ ಎಳೆದುಕೊಂಡು ಹೋದೆ. ಆರೋಪಿಯ ಕುರ್ಚಿಯಲ್ಲಿ ಕೂತವನೇ ಮೊಣಕಾಲು ಕುಣಿಸತೊಡಗಿದ. ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದ.

"ಏನೋ ನೋಡ್ತಿದೀಯ?" ಚಿಕ್ಕಮ್ಮ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

"ಬಾಗಿಲು. ಬೆನ್ನ ಹಿಂದೆ ಇದ್ರೆ ಯಾರು ಬಂದ್ರು, ಯಾರು ಹೋದ್ರು ಅಂತ ಕಿವಿಯೆಲ್ಲ ಅಲ್ಲೇ ಇರುತ್ತೆ. ಜಡ್ಜ್ ಹೇಳಿದ್ದು ಒಂದೂ ಕೇಳ್ಸಲ್ಲ. ಅವತ್ತೂ ಹಿಂಗೇ ಆಯ್ತು."

"ಎದುರಿಗಿಟ್ರೆ ಇನ್ನೂ ಬೇಗ ಓಡ್ತೀಯ, ಬಿಡು," ಎಂದೆ ನಾನು.

"ಕಣ್ಣಿಗೆ ಕಾಣ್ತಿದ್ರೆ ಓಡ್ಬೇಕು ಅನ್ಸಲ್ಲ ಕಣೇ, ಕೋತಿ."

ಚಿಕ್ಕಮ್ಮ ಎದ್ದು ನಿಂತಳು. "ಇಷ್ಟು ದಿನ ಇಲ್ಲೇ ಬಿದ್ದಿದೀನಿ, ನನಗೆ ಹೊಳೀಲೇ ಇಲ್ಲ ನೋಡು," ಎಂದವಳೇ ಚಾಕು ತೆಗೆದುಕೊಂಡು, ಕಷ್ಟಪಟ್ಟು ನಿಲ್ಲಿಸಿದ್ದ ಎಡಗೋಡೆಯನ್ನು ಪರಪರ ಸೀಳಿದಳು. ಹಳೆಯ ಬಾಗಿಲಿಗೆ ರಟ್ಟು ಅಂಟಿಸಿದಳು. ನಾನಾಗಿದ್ದರೆ ನನ್ನ ಗೋಡೆಗಾಗಿ ಜಗಳಕ್ಕೇ ನಿಲ್ಲುತ್ತಿದ್ದೆ. ಅವಳು ಹೊಸ ಬಾಗಿಲಿನಾಚೆ ನಿಂತು, "ಈಗ ಕಾಣ್ತೀನಾ?" ಎಂದು ಕೇಳುತ್ತಿದ್ದಳು.

"ಕಾಣ್ತೀಯ." ಅಣ್ಣನ ಮೊಣಕಾಲು ನಿಂತಿತ್ತು.

"ಆರೋಪಿ ಕಣ್ಣೆದುರಿಗೇ ಬಾಗಿಲು ಅಂದ್ರೆ ಪೊಲೀಸರು ಕುಣಿದಾಡ್ತಾರೆ. ಮೇಡಂ ಯಾಕೆ ಅಂತ ಕೇಳೇ ಕೇಳ್ತಾರೆ. ಏನೋ ಹೇಳಿ ನೋಡ್ತೀನಿ."

ನೀನೇ ಬಂದು ಹೇಳು ಎಂದು ಅವಳು ಅವನನ್ನು ಕೇಳಲಿಲ್ಲ. ನೆಲದ ಮೇಲಿನ ರಟ್ಟಿನ ಚೂರು ಆಯತೊಡಗಿದಳು. ಅಣ್ಣನೂ ಬಗ್ಗಿ ಆಯ್ದ.

"ನೀನು ಹೇಳಿದ್ರೆ ಒಪ್ಪಲ್ಲ ಚಿಕ್ಕಮ್ಮ. ಓಡಿಹೋದವನೇ ಹೇಳ್ಬೇಕು. ಎಷ್ಟೊತ್ತಿಗೆ ಬರ್ತಾರೆ?"

"ಬೆಳಿಗ್ಗೆ ಹತ್ತಕ್ಕೆ."

"ಅವರಿಗಿಂತ ಮುಂಚೆನೇ ಬಂದು ಈ ಕುರ್ಚೀಲಿ ಕೂತಿರ್ತೀನಿ."